ಚಂದ್ರಮಣಿಯ ಕಳವು, ಅಥವಾ ಪತ್ತೇದಾರಿ ಕಾದಂಬರಿಯೊಂದರಿಂದ ಕಲಿಯತಕ್ಕ ಪಾಠ

ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೂಡಿ ನಡೆಸುತ್ತಿರುವ ವಾಚನಕೂಟವು ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಶಾಲೆಯ ಗ್ರಂಥಾಲಯದಲ್ಲಿ ಸೇರುವ ಸಂಗತಿಯನ್ನು ಈ ಸಂಚಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ಕಳೆದ ವರ್ಷ ಆ ಕೂಟದವರು, “ಈ ಸಲ ಒಂದು ಪತ್ತೇದಾರಿ ಕಾದಂಬರಿ ಓದೋಣ, ಮಿಸ್” ಎಂದು ಕೇಳಿದಾಗ ನಾನು ಒಡನೆಯೇ ಒಪ್ಪಲಿಲ್ಲ. ಕಳವು ಕೊಲೆಗಳ ಕಥೆಯನ್ನು ಶಾಲೆಯ ಗೋಡೆಗಳೊಳಗೆ ಕುಳಿತು ಓದುವುದು ಯೋಗ್ಯವೇ ಎಂಬ ಸಂದೇಹವು ನನಗಿತ್ತು. ಪೋಷಕರಲ್ಲಿ ಇಬ್ಬರು ಮೂವರು ಅದೇ ಸಂದೇಹವನ್ನು ಸ್ವಲ್ಪ ಗಟ್ಟಿಯಾಗಿಯೇ ತಿಳಿಸಿದರು. ಏಳು ತಿಂಗಳ ಕಾಲ ಆ ಪುಸ್ತಕವನ್ನು ಓದಿ ಚರ್ಚಿಸಿ ಮುಗಿಸಿದ ಮೇಲೆ ನನ್ನ ಅಭಿಪ್ರಾಯವು ಬದಲಾಯಿತು. ಅದು ಏಕೆ ಬದಲಾಯಿತೆಂಬುದನ್ನೂ, ಆ ಓದಿನ ದೆಸೆಯಿಂದ ನನ್ನ ಎದುರಿಗೆ ಬಂದು ನಿಂತ ಒಂದು ಹಳೆಯ ಸಾಲವನ್ನೂ ಇಲ್ಲಿ ವಿವರಿಸುವೆನು.

ಮೊದಲೇ ಒಂದು ಎಚ್ಚರಿಕೆಯ ಮಾತು. ಈ ಲೇಖನದಲ್ಲಿ ಕಥೆಯ ಗುಟ್ಟನ್ನು ಬಿಡಿಸಿ ಹೇಳಿದೆ. ಪುಸ್ತಕವನ್ನು ತಾವೇ ಓದಿ ಬೆರಗಾಗಬೇಕೆನ್ನುವವರು ಈ ಪುಟಗಳನ್ನು ಈಗ ಮಡಿಸಿಟ್ಟು, ಓದಿದ ಮೇಲೆ ತೆರೆಯಬಹುದು.

1. ಪುಸ್ತಕದ ಆಯ್ಕೆ

ಪತ್ತೇದಾರಿ ಕಥೆಯು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ಜನರಿಂದ ‘ತಾತಯ್ಯ’ ಎಂದು ಕರೆಯಿಸಿಕೊಂಡ ಎಂ. ವೆಂಕಟಕೃಷ್ಣಯ್ಯನವರೇ ‘ಚೋರಗ್ರಹಣ ತಂತ್ರ’ ಎಂಬ ಪುಸ್ತಕವನ್ನು ಬರೆದರು. ಮಕ್ಕಳ ನಡತೆಯನ್ನು ತಿದ್ದುವುದರಲ್ಲಿ ಆಯುಷ್ಯವನ್ನು ಕಳೆದ ಅಂಥ ಗುರುಗಳು ಕಳ್ಳರನ್ನು ಹಿಡಿಯುವ ಉಪಾಯಗಳ ವಿಷಯವಾಗಿ ಲೇಖನಿಯನ್ನೆತ್ತಿದ್ದನ್ನು ನೆನೆದಾಗ ನನ್ನ ಸಂಕೋಚವು ಅರ್ಧ ಕಡಿಮೆಯಾಯಿತು. ಅವರ ಅನಂತರದ ಕಾಲದಲ್ಲಿ ಎನ್. ನರಸಿಂಹಯ್ಯನವರು ಬಂದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಐನೂರಕ್ಕೆ ಕಡಿಮೆಯಿಲ್ಲದ ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಯ ನೆಂಟನನ್ನಾಗಿ ಮಾಡಿದರು. ಟಿ. ಕೆ. ರಾಮರಾಯರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದ ತಾಯಂದಿರು ನಮ್ಮ ಕೂಟದಲ್ಲೇ ಇದ್ದಾರೆ.

ಹೀಗಿದ್ದರೂ ನಾವು ಆರಿಸಿಕೊಂಡದ್ದು ಒಂದು ಇಂಗ್ಲಿಷ್ ಪುಸ್ತಕ. ವಿಲ್ಕೀ ಕಾಲಿನ್ಸ್ ಎಂಬ ಗ್ರಂಥಕರ್ತರು 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’, ಅಂದರೆ ‘ಚಂದ್ರಮಣಿ’. ಅದನ್ನು ಆರಿಸಿಕೊಂಡದ್ದಕ್ಕೆ ಕಾರಣವೇನೆಂದರೆ, ಆ ಕಥೆಯು ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ನೆಯ ಇಸವಿ ಮೇ 4ರಂದು ಇಂಗ್ಲಿಷರ ಸೈನ್ಯವು ಕೋಟೆಯನ್ನು ಭೇದಿಸಿ ಒಳನುಗ್ಗಿತು, ಟಿಪ್ಪು ಸುಲ್ತಾನನು ಮಡಿದನು, ಪಟ್ಟಣವು ಸೂರೆಹೋಯಿತು. ಇಷ್ಟು ಚರಿತ್ರೆ. ಆ ಗದ್ದಲದಲ್ಲಿ ಜಾನ್ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿಯೊಬ್ಬನು, ಸುಲ್ತಾನನ ಕಠಾರಿಯ ಹಿಡಿಯಲ್ಲಿ ಕೂರಿಸಿದ್ದ ಹಳದಿ ಬಣ್ಣದ ದೊಡ್ಡ ವಜ್ರವೊಂದನ್ನು, ಕಾವಲುಗಾರರನ್ನು ಕೊಂದು ಅಪಹರಿಸಿದನು. ಇದು ಕಾಲಿನ್ಸರ ಕಲ್ಪನೆ. ಅದು ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದ ಮಣಿಯೆಂದೂ, ಕಳೆದುಹೋದಂದಿನಿಂದ ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ಅದರ ಬೆನ್ನುಹತ್ತಿ ಕಾಯುತ್ತಿರುವರೆಂದೂ ಕಥೆಯು ಹೇಳುತ್ತದೆ. ಇಂಥ ಮಣಿಯು ನಿಜವಾಗಿ ಇದ್ದುದಿಲ್ಲ. ಕೊಹಿನೂರನ್ನೂ, ರಷ್ಯಾದ ಚಕ್ರವರ್ತಿಯ ರಾಜದಂಡದಲ್ಲಿದ್ದ ವಜ್ರವನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಹೆಣೆದೆನೆಂದು ಗ್ರಂಥಕರ್ತರೇ ಮುನ್ನುಡಿಯಲ್ಲಿ ತಿಳಿಸಿದ್ದಾರೆ.

ಈ ಕಾದಂಬರಿಯು ಮೊದಲು ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆಯಲ್ಲಿ 1868ರ ಜನವರಿಯಿಂದ ಆಗಸ್ಟ್‌ವರೆಗೆ ವಾರವಾರವೂ ಪ್ರಕಟವಾಯಿತು. ನಾವೂ ಹಾಗೆಯೇ ಕಂತುಕಂತಾಗಿ ಓದಿದೆವು. ಇಂಗ್ಲಿಷ್ ಬಲ್ಲವರು ಮನೆಯಲ್ಲಿ ಓದಿಕೊಂಡು ಬರುವುದು, ಮಿಕ್ಕವರಿಗಾಗಿ ನಾನು ಕನ್ನಡದಲ್ಲಿ ಕಥೆಯನ್ನು ಬಿಡಿಸಿ ಹೇಳುವುದು, ಮುಂದಿನ ಭಾಗವನ್ನು ಯಾರೂ ಬಾಯಿಬಿಡತಕ್ಕದ್ದಲ್ಲವೆಂಬುದು ನಮ್ಮ ಕಟ್ಟಳೆ. ಇಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕೆಲಸಮಾಡುವವರು, ಆಸ್ಪತ್ರೆಯ ದಾದಿಯೊಬ್ಬರು, ಬೊಮ್ಮನಹಳ್ಳಿಯ ಕಡೆ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಇಬ್ಬರು, ಮೊಮ್ಮಕ್ಕಳನ್ನು ಕಂಡ ಮೂವರು ಹಿರಿಯರು—ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತರು.

2. ಕಥೆಯ ಸಾರಾಂಶ

ಹರ್ನ್‌ಕ್ಯಾಸಲನು ಸಾಯುವಾಗ ಆ ವಜ್ರವನ್ನು ತನ್ನ ಸೋದರಿಯ ಮಗಳಾದ ರೇಚಲ್ ವೆರಿಂಡರಳಿಗೆ ಬರೆದಿಟ್ಟನು. ಅದನ್ನು ತಂದು ಒಪ್ಪಿಸಿದವನು ಅವಳ ಬಂಧುವೂ ಅವಳನ್ನು ಪ್ರೀತಿಸುವವನೂ ಆದ ಫ್ರಾಂಕ್ಲಿನ್ ಬ್ಲೇಕ್. 1848ರ ಜೂನ್ 21, ಅವಳ ಹದಿನೆಂಟನೆಯ ಹುಟ್ಟುಹಬ್ಬ. ಆ ದಿನ ಮೂವರು ಭಾರತೀಯ ಜಾದೂಗಾರರು ಮನೆಯ ಬಳಿ ಸುಳಿದಾಡಿದರು. ಆ ರಾತ್ರಿಯೇ ವಜ್ರವು ರೇಚಲಳ ಕೊಠಡಿಯ ಪೆಟ್ಟಿಗೆಯಿಂದ ಮಾಯವಾಯಿತು.

ಮನೆಯಲ್ಲಿ ರೊಸಾನಾ ಸ್ಪಿಯರ್‌ಮನ್ ಎಂಬ ಕೆಲಸದ ಹುಡುಗಿಯಿದ್ದಳು. ಅವಳು ಹಿಂದೆ ಕಳವಿಗಾಗಿ ಸೆರೆಮನೆಯಲ್ಲಿದ್ದವಳು. ಅವಳ ಒಂದು ಭುಜವು ಸೊಟ್ಟಗಿತ್ತು. ವೆರಿಂಡರ್ ಅಮ್ಮನವರು ಕನಿಕರಪಟ್ಟು ಅವಳಿಗೆ ಕೆಲಸ ಕೊಟ್ಟಿದ್ದರು. ಕಳವಾದ ಮೇಲೆ ಅವಳು ಕಾಯಿಲೆಯ ನೆಪ ಹೇಳಿ ಹೊರಗೆ ಹೋದಳು, ಬಟ್ಟೆಯನ್ನು ಕೊಂಡು ತಂದಳು, ರಾತ್ರಿಯೆಲ್ಲ ದೀಪವಿಟ್ಟುಕೊಂಡು ಎಚ್ಚರವಿದ್ದಳು. ಕೊನೆಗೆ ಸಮುದ್ರತೀರದ ಹೂಳುಮರಳಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡಳು. ಇತ್ತ ರೇಚಲಳು ತನ್ನ ಬಟ್ಟೆಗಳನ್ನು ಶೋಧಿಸಗೊಡದೆ, ಫ್ರಾಂಕ್ಲಿನನ ಮುಖವನ್ನೂ ನೋಡದೆ ಮೌನವಾದಳು. ಸ್ಕಾಟ್ಲೆಂಡ್ ಯಾರ್ಡಿನಿಂದ ಬಂದ ಹೆಸರಾಂತ ಪತ್ತೇದಾರ ಸಾರ್ಜೆಂಟ್ ಕಫ್‌ನು, ರೇಚಲಳೇ ರೊಸಾನಾಳ ಸಹಾಯದಿಂದ ತನ್ನ ವಜ್ರವನ್ನು ತಾನೇ ಅಡಗಿಸಿದ್ದಾಳೆಂದು ತೀರ್ಮಾನಿಸಿ ಹೊರಟುಹೋದನು. ಅಲ್ಲಿಗೆ ಕಥೆಯ ಮೊದಲನೆಯ ಖಂಡವು ಮುಗಿಯುತ್ತದೆ.

3. ನಾವು ಯಾರ ಮೇಲೆ ಸಂದೇಹಪಟ್ಟೆವು

ಇಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ಚೀಟಿಯನ್ನು ಕೊಟ್ಟು, ಕಳ್ಳರು ಯಾರೆಂದು ತೋರುವುದೋ ಅವರ ಹೆಸರನ್ನೂ ಒಂದು ಕಾರಣವನ್ನೂ ಬರೆಯಹೇಳಿದೆನು. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ರೊಸಾನಾಳ ಹೆಸರಿತ್ತು. ಕೆಲವರು ಮೂವರು ಭಾರತೀಯರನ್ನು ಹಿಡಿದರು. ಇಬ್ಬರು ಸಾರ್ಜೆಂಟನನ್ನು ನಂಬಿ ರೇಚಲಳೆಂದರು. ಫ್ರಾಂಕ್ಲಿನ್ ಬ್ಲೇಕನ ಹೆಸರನ್ನು ಒಬ್ಬರೂ ಬರೆಯಲಿಲ್ಲ.

ಹೆಸರುಗಳಿಗಿಂತ ಕಾರಣಗಳನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಒಮ್ಮೆ ಕದ್ದವಳು ಮತ್ತೆ ಕದಿಯುವಳು ಎಂದೊಬ್ಬರು. ಮುಖದಲ್ಲೇ ತಿಳಿಯುತ್ತದೆ ಎಂದು ಇನ್ನೊಬ್ಬರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮೂರು ಚೀಟಿಗಳಲ್ಲಿ ಬರೆದಿದ್ದರು. ಕಳವು ಹೇಗೆ ನಡೆಯಿತು, ಯಾವ ಹೊತ್ತಿಗೆ, ಯಾವ ಗುರುತು ಉಳಿಯಿತು ಎಂಬ ವಿಷಯವಾಗಿ ಒಂದು ಸಾಲೂ ಇರಲಿಲ್ಲ.

ಆಗ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಅದುವರೆಗೆ ಹೆಚ್ಚು ಮಾತನಾಡದವಳು, ಹೀಗೆಂದಳು: “ಎಲ್ಲಾದರೂ ಏನಾದರೂ ಕಳೆದುಹೋದರೆ ಮೊದಲು ಬಡವರ ಚೀಲ ಬಿಚ್ಚಿಸ್ತಾರೆ, ಮಿಸ್. ಚೀಲದಲ್ಲಿ ಸಿಗದೆ ಇದ್ದರೆ, ಬಚ್ಚಿಟ್ಟುಬಿಟ್ಟಿದ್ದಾಳೆ ಅಂತಾರೆ. ಸಿಕ್ಕಿದರೂ ಅವಳೇ ಕಳ್ಳಿ, ಸಿಗದಿದ್ದರೂ ಅವಳೇ ಕಳ್ಳಿ. ಹೆಗಲು ಮುಟ್ಟಿಕೊಳ್ಳುವುದು ಕಳ್ಳರು ಮಾತ್ರ ಅಲ್ಲ. ಹತ್ತು ಸಲ ಹೊರಿಸಿಕೊಂಡವರೂ ಮುಟ್ಟಿಕೊಳ್ತಾರೆ.”

ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಾನಂತೂ ಬೇರೊಂದು ಕಾರಣದಿಂದ ಮಾತನಾಡದೆ ಹೋದೆನು. ಅದನ್ನು ಕೊನೆಯಲ್ಲಿ ಹೇಳುವೆನು.

ಕಾಲಿನ್ಸರಿಗೆ ಈ ಸಂಗತಿಯು ಚೆನ್ನಾಗಿ ತಿಳಿದಿತ್ತು. ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ 1860ರಲ್ಲಿ ಒಂದು ಎಳೆಯ ಮಗುವಿನ ಕೊಲೆಯಾಯಿತು. ಮೊದಲು ಹಿಡಿಯಲ್ಪಟ್ಟವಳು ಮಗುವಿನ ದಾದಿ. ಸ್ಕಾಟ್ಲೆಂಡ್ ಯಾರ್ಡಿನ ಜೊನಾಥನ್ ವಿಚರ್ ಎಂಬ ಅಧಿಕಾರಿಯು, ಮನೆಯೊಡೆಯನ ಮಗಳ ರಾತ್ರಿಯುಡುಪೊಂದು ಲೆಕ್ಕಕ್ಕೆ ಸಿಗದಿರುವುದನ್ನು ಕಂಡು, ಹದಿನಾರು ವರ್ಷದ ಆ ಹುಡುಗಿಯನ್ನು ಸಂದೇಹಿಸಿದನು. ಮರ್ಯಾದಸ್ಥರ ಮಗಳ ಮೇಲೆ ಇಂಥ ಮಾತೇ ಎಂದು ಪತ್ರಿಕೆಗಳೂ ಜನರೂ ಆತನನ್ನು ಹಳಿದರು. 1865ರಲ್ಲಿ ಆ ಹುಡುಗಿಯೇ ತಾನು ಮಾಡಿದ್ದಾಗಿ ಒಪ್ಪಿಕೊಂಡಳು. ಅದಾದ ಮೂರು ವರ್ಷಗಳಿಗೆ ‘ಚಂದ್ರಮಣಿ’ಯು ಪ್ರಕಟವಾಯಿತು, ಅದರಲ್ಲಿಯೂ ಕಾಣೆಯಾದ ರಾತ್ರಿಯುಡುಪೇ ಮುಖ್ಯ ಸುಳಿವು.

4. ಕಣ್ಣಿಗೆ ಬಿದ್ದು ಓದಲ್ಪಡದ ಗುರುತು

ಆ ಸುಳಿವು ಹೀಗಿದೆ. ರೇಚಲಳ ಕೊಠಡಿಯ ಬಾಗಿಲಿಗೆ ಆಕೆಯೂ ಫ್ರಾಂಕ್ಲಿನನೂ ಹೊಸದಾಗಿ ಬಣ್ಣ ಬಳಿದಿದ್ದರು. ಮರುದಿನ ಬೀಗದ ಕೆಳಗೆ ಆ ಬಣ್ಣವು ಸ್ವಲ್ಪ ಒರಸಿಹೋಗಿತ್ತು. ಸ್ಥಳೀಯ ಅಧಿಕಾರಿಯಾದ ಸೀಗ್ರೇವನು ಅದನ್ನು ಕಂಡನು. ಆದರೆ ಕೆಲಸದ ಹೆಂಗಸರ ಲಂಗವು ತಗುಲಿರಬೇಕೆಂದು ಗದರಿ ಸುಮ್ಮನಾದನು. ಸಾರ್ಜೆಂಟ್ ಕಫ್‌ನು ಮಾತ್ರ ಅಲ್ಪವಾದದ್ದೆಂದು ಅದನ್ನು ತಳ್ಳಿಬಿಡಲಿಲ್ಲ. ಬಣ್ಣವು ಒಣಗಲು ಎಷ್ಟು ಗಂಟೆ ಹಿಡಿಯುತ್ತದೆ, ಅದು ಕೆಡದೆ ಇದ್ದುದನ್ನು ಕೊನೆಗೆ ಕಂಡವರು ಯಾರು ಎಂದು ವಿಚಾರಿಸಿ, ನಡುರಾತ್ರಿಯ ಮೇಲೆ ಮೂರು ಗಂಟೆಯೊಳಗೆ ಯಾರದೋ ಉಡುಪು ಅದಕ್ಕೆ ತಗುಲಿದೆಯೆಂದು ನಿಶ್ಚಯಿಸಿದನು. ಬಣ್ಣ ಮೆತ್ತಿದ ಉಡುಪು ಯಾರದೋ ಅವರೇ ಆ ರಾತ್ರಿ ಒಳಗೆ ಹೋದವರು. ಮುಖಗಳನ್ನು ನೋಡಬೇಕಾಗಿಲ್ಲ, ಬಟ್ಟೆಗಳನ್ನು ನೋಡಿದರೆ ಸಾಕು.

ಒಂದೇ ಗುರುತನ್ನು ಇಬ್ಬರೂ ಕಂಡರು, ಓದಿದವನು ಒಬ್ಬನೇ. ಇದಕ್ಕೆ ದೃಷ್ಟಾಂತವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಅಲೆದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದಲೇ ಬೆಂದಕಾಳೂರು ಬೆಂಗಳೂರಾಯಿತೆಂದೂ ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಈ ದೊರೆಯ ಕಾಲವು ಕ್ರಿ.ಶ. 1173ರಿಂದ 1220. ಆದರೆ ನಮ್ಮ ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯ ವೀರಗಲ್ಲಿನ ಶಾಸನವೊಂದರಲ್ಲಿ, ಗಂಗರ ಅಧಿಕಾರಿಯಾಗಿದ್ದ ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಮಡಿದ ಸಂಗತಿಯು ಕೆತ್ತಲ್ಪಟ್ಟಿದೆ. ವಿದ್ವಾಂಸರು ಅದನ್ನು ಒಂಬತ್ತನೆಯ ಶತಮಾನದ ಕೊನೆಗೆ ಸೇರಿದ್ದೆಂದು ನಿರ್ಣಯಿಸಿದ್ದಾರೆ. ಅಂದರೆ ಬಲ್ಲಾಳನು ಪಟ್ಟಕ್ಕೆ ಬರುವುದಕ್ಕೆ ಹೆಚ್ಚು ಕಡಿಮೆ ಮುನ್ನೂರು ವರ್ಷ ಮೊದಲೇ ಆ ಹೆಸರು ಕಲ್ಲಿನ ಮೇಲಿತ್ತು. ಕಲ್ಲು ನಿಂತೇ ಇತ್ತು. ಜನರು ಅದರ ಪಕ್ಕದಲ್ಲೇ ನಡೆದುಹೋಗುತ್ತ ಬೆಂದ ಕಾಳಿನ ಕಥೆಯನ್ನು ಹೇಳಿಕೊಳ್ಳುತ್ತಲೇ ಇದ್ದರು. ಇಪ್ಪತ್ತನೆಯ ಶತಮಾನದಲ್ಲಿ ಶಾಸನವನ್ನು ಓದಿದ ಮೇಲೆಯೇ ಸಾಕ್ಷಿಯು ಬಾಯಿಬಿಟ್ಟಂತಾಯಿತು. ಬೆಂದ ಕಾಳಿನ ಕಥೆಯಿಂದ ಯಾರಿಗೂ ಹಾನಿಯಿಲ್ಲ. ಅದು ಸೊಗಸಾದ ಕಥೆಯೇ. ಆದರೆ ಒಬ್ಬ ಮನುಷ್ಯಳ ನಡತೆಯ ವಿಷಯವಾಗಿ ಜನರು ಅದೇ ರೀತಿ ಬಾಯಿಂದ ಬಾಯಿಗೆ ದಾಟಿಸುವ ಕಥೆಯಿಂದ ಎಷ್ಟು ಹಾನಿಯಾಗುವುದೆಂಬುದನ್ನು ವಾಚಕರು ಯೋಚಿಸಲಿ.

5. ಕಥೆಯ ತಿರುವು

ಎರಡನೆಯ ಖಂಡದಲ್ಲಿ ಫ್ರಾಂಕ್ಲಿನ್ ಬ್ಲೇಕನು ತಾನೇ ಪತ್ತೇದಾರನಾಗುವನು. ರೊಸಾನಾಳು ಬಿಟ್ಟುಹೋದ ಕಾಗದದ ಮೇರೆಗೆ ಹೂಳುಮರಳಿನಲ್ಲಿ ಕೈಯಿಟ್ಟು, ಅವಳು ಅಡಗಿಸಿದ್ದ ತಗಡಿನ ಪೆಟ್ಟಿಗೆಯನ್ನು ಎಳೆದನು. ಒಳಗೆ ಬಣ್ಣ ಮೆತ್ತಿದ ರಾತ್ರಿಯುಡುಪು ಸಿಕ್ಕಿತು. ಗುರುತಿನ ಹೆಸರನ್ನು ಓದಿದರೆ ಅದು ಆತನದೇ ಹೆಸರು! ನಮ್ಮ ಕೂಟದಲ್ಲಿ ಈ ಭಾಗವನ್ನು ಓದಿದ ದಿನ ಹಿರಿಯರೊಬ್ಬರು, “ಅಯ್ಯೋ ದೇವರೇ, ಇದೇನಮ್ಮಾ!” ಎಂದು ಕುರ್ಚಿಯಿಂದ ಎದ್ದೇಬಿಟ್ಟರು.

ನಡೆದದ್ದು ಹೀಗೆ. ಹುಟ್ಟುಹಬ್ಬದ ಊಟದಲ್ಲಿ ಫ್ರಾಂಕ್ಲಿನನು ಕ್ಯಾಂಡಿ ಎಂಬ ವೈದ್ಯನ ಮುಂದೆ ವೈದ್ಯಶಾಸ್ತ್ರವನ್ನು ಹಾಸ್ಯಮಾಡಿದ್ದನು. ಚುಟ್ಟಾ ಸೇದುವುದನ್ನು ಬಿಟ್ಟಿದ್ದರಿಂದ ಆತನಿಗೆ ನಿದ್ರೆಯಿರಲಿಲ್ಲ. ವೈದ್ಯನು ಆತನಿಗೆ ಪಾಠ ಕಲಿಸಲೆಂದು, ಅವನಿಗೆ ತಿಳಿಸದೆ ಪಾನೀಯದಲ್ಲಿ ಅಫೀಮಿನ ದ್ರಾವಣವನ್ನು ಸೇರಿಸುವಂತೆ ಮಾಡಿದನು. ವಜ್ರಕ್ಕೆ ಏನಾಗುವುದೋ ಎಂಬ ಚಿಂತೆಯಿಂದಲೇ ಮಲಗಿದ್ದ ಫ್ರಾಂಕ್ಲಿನನು ಆ ಮಂಪರಿನಲ್ಲಿ ಎದ್ದು, ಅದನ್ನು ಭದ್ರಪಡಿಸಬೇಕೆಂದು ತೆಗೆದುಕೊಂಡು ಹೋದನು. ಬೆಳಿಗ್ಗೆ ಏನೊಂದೂ ನೆನಪಿರಲಿಲ್ಲ. ಆತನು ವಜ್ರವನ್ನು ತೆಗೆದದ್ದನ್ನು ರೇಚಲಳು ಕಣ್ಣಾರೆ ಕಂಡಿದ್ದಳು. ಪ್ರೀತಿಯಿಂದ ಬಾಯಿಬಿಡದೆ ಹೋದಳು. ಉಡುಪನ್ನು ಕಂಡಿದ್ದ ರೊಸಾನಾಳು ಸಹ ಆತನ ಮೇಲಿನ ಪ್ರೀತಿಯಿಂದಲೇ ಅಂಥದ್ದೇ ಇನ್ನೊಂದನ್ನು ಹೊಲಿದಿಟ್ಟು, ಹಳೆಯದನ್ನು ಅಡಗಿಸಿದಳು. ನಾವು ಕಳ್ಳಿಯೆಂದು ಚೀಟಿಯಲ್ಲಿ ಬರೆದವಳು ಬೇರೊಬ್ಬನ ಮಾನವನ್ನು ಕಾಪಾಡಲು ತನ್ನ ಮಾನವನ್ನು ಕಳೆದುಕೊಂಡವಳು.

ಇಲ್ಲಿ ಗಮನಿಸತಕ್ಕದ್ದು ರೇಚಲಳ ಸಾಕ್ಷಿ. ಆಕೆ ಕಂಡದ್ದು ನಿಜ. ಅದರಿಂದ ಆಕೆ ತಿಳಿದುಕೊಂಡದ್ದು ತಪ್ಪು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆಮಾಡಿದ್ದು ಇಂಥ ಸಂದರ್ಭಕ್ಕೇ. ಫ್ರಾಂಕ್ಲಿನನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಒಂದು ವರ್ಷದ ದುಃಖವೂ ಒಂದು ಪ್ರಾಣವೂ ಉಳಿಯುತ್ತಿದ್ದವೇನೋ ಎಂದು ನಮ್ಮ ದಾದಿಯು ಹೇಳಿದ್ದಕ್ಕೆ ಎಲ್ಲರೂ ತಲೆದೂಗಿದರು.

ಈ ತಿರುವು ವಾಚಕರಿಗೆ ಮಾಡಿದ ಮೋಸವೇ? ಕೂಟದಲ್ಲಿ ಇದರ ವಿಷಯವಾಗಿ ವಾದ ನಡೆಯಿತು. ಮೋಸವಲ್ಲವೆಂಬುದು ನನ್ನ ಅಭಿಪ್ರಾಯ. ನಿದ್ರೆಯಿಲ್ಲದ್ದು, ವೈದ್ಯನೊಡನೆ ಆದ ಜಗಳ, ಆ ರಾತ್ರಿ ಫ್ರಾಂಕ್ಲಿನನಿಗೆ ಬಂದ ಅಪರೂಪದ ಗಾಢನಿದ್ರೆ ಇವೆಲ್ಲವನ್ನೂ ಮೊದಲನೆಯ ಖಂಡದಲ್ಲೇ ಬಹಿರಂಗವಾಗಿ ಹೇಳಿದೆ. ನಾವು ರೊಸಾನಾಳ ಭುಜವನ್ನು ನೋಡುತ್ತಿದ್ದುದರಿಂದ ಅವು ಕಾಣಲಿಲ್ಲ, ಅಷ್ಟೆ. ಮುಂದೆ 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯವರು ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದರು. ಪತ್ತೇದಾರನು ಕಂಡ ಸುಳಿವುಗಳನ್ನು ವಾಚಕರಿಗೂ ತೋರಿಸತಕ್ಕದ್ದೆಂಬುದು ಅವುಗಳಲ್ಲೊಂದು. ಕಥೆಯಲ್ಲಿ ಚೀನದವನನ್ನು ತರಕೂಡದೆಂಬುದು ಇನ್ನೊಂದು. ಆ ಕಾಲದ ಅಗ್ಗದ ಕಥೆಗಳಲ್ಲಿ ಪರದೇಶಿಯೇ ಯಾವಾಗಲೂ ದುಷ್ಟನಾಗಿರುತ್ತಿದ್ದುದೇ ಅದಕ್ಕೆ ಕಾರಣ. ಮೂವರು ಭಾರತೀಯರನ್ನು ಒಡನೆಯೇ ಸೆರೆಹಿಡಿಸಿದವರಿಗೂ, ಅವರನ್ನು ಚೀಟಿಯಲ್ಲಿ ಬರೆದ ನಮ್ಮವರಿಗೂ ಈ ಕಟ್ಟಳೆಯು ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರೇ ಒಂದು ಸಂಘವನ್ನು ಕಟ್ಟಿಕೊಂಡು, ವಾಚಕರಿಗೆ ಮೋಸಮಾಡೆವೆಂದು ಪ್ರಮಾಣ ಸ್ವೀಕರಿಸುವ ಪದ್ಧತಿಯನ್ನಿಟ್ಟರು. ಅದರ ಸದಸ್ಯರಾದ ಅಗಾಥಾ ಕ್ರಿಸ್ಟಿಯವರು 1926ರಲ್ಲಿ ಬರೆದಿದ್ದ ‘ರೋಜರ್ ಆಕ್ರಾಯ್ಡನ ಕೊಲೆ’ಯ ತಿರುವು ನ್ಯಾಯವೋ ಅನ್ಯಾಯವೋ ಎಂಬ ವಾದವು ಇಂದಿಗೂ ನಡೆಯುತ್ತಿದೆ. ಅದರ ಗುಟ್ಟನ್ನು ಇಲ್ಲಿ ಬಿಡಿಸೆನು. ಮುಂದಿನ ವರ್ಷ ನಮ್ಮ ಕೂಟವು ಅದನ್ನೇ ಓದಲಿದೆ.

6. ದೊಡ್ಡವರ ಮುಖವಾಡ

ಹಾಗಾದರೆ ವಜ್ರವು ಎಲ್ಲಿಗೆ ಹೋಯಿತು? ಮಂಪರಿನಲ್ಲಿದ್ದ ಫ್ರಾಂಕ್ಲಿನನು, ಬ್ಯಾಂಕಿನಲ್ಲಿ ಇಡೆಂದು ಅದನ್ನು ಗಾಡ್‌ಫ್ರೀ ಏಬಲ್‌ವೈಟ್ ಎಂಬ ಬಂಧುವಿನ ಕೈಯಲ್ಲಿ ಕೊಟ್ಟನು. ಈ ಗಾಡ್‌ಫ್ರೀಯು ಸ್ತ್ರೀಯರ ಧರ್ಮಸಂಘಗಳಲ್ಲೆಲ್ಲ ಭಾಷಣಮಾಡುವವನು, ಮಧುರವಾದ ಕಂಠವುಳ್ಳವನು, ದಾನಿಗಳ ಕಣ್ಮಣಿ. ಆದರೆ ತನ್ನ ವಶಕ್ಕೆ ಒಪ್ಪಿಸಿದ್ದ ಒಬ್ಬ ಎಳೆಯನ ಇಪ್ಪತ್ತು ಸಾವಿರ ಪೌಂಡುಗಳನ್ನು ನುಂಗಿದ್ದವನು. ಬೆಳಿಗ್ಗೆ ಫ್ರಾಂಕ್ಲಿನನಿಗೆ ಏನೂ ನೆನಪಿಲ್ಲವೆಂದು ಕಂಡುಕೊಂಡು, ವಜ್ರವನ್ನು ತನ್ನದಾಗಿ ಮಾಡಿಕೊಂಡನು. ಆತನನ್ನು ದೇವಮಾನವನೆಂದು ಹೊಗಳುವ ಕುಮಾರಿ ಕ್ಲಾಕ್ ಎಂಬಾಕೆಯು ಹೋದಹೋದಲ್ಲೆಲ್ಲ ಧಾರ್ಮಿಕ ಕರಪತ್ರಗಳನ್ನು ಹಂಚುವವಳು. ಬಡವರಲ್ಲಿ ಪಾಪವನ್ನು ಬಲುಬೇಗನೆ ಕಾಣುವವಳು.

ಈ ಭಾಗವನ್ನು ಓದುವಾಗ ನಮ್ಮವರು ಮನಸಾರೆ ನಕ್ಕರು. ಬಳಿಕ ನಗುವು ತಾನಾಗಿ ನಿಂತಿತು. ಮಿಶನ್ ಶಾಲೆಯಲ್ಲಿ ಬೆಳೆದ ನಾವೂ ಕರಪತ್ರಗಳನ್ನು ಹಂಚಿದವರೇ. ಇದು ಭಕ್ತಿಯನ್ನು ಹಳಿಯುವ ಪುಸ್ತಕವೇ ಎಂದು ಒಬ್ಬರು ಕೇಳಿದರು. ಅಲ್ಲವೆಂದೇ ನಾನು ತಿಳಿಯುತ್ತೇನೆ. ಇದು ಭಕ್ತಿಯ ವೇಷವನ್ನು ಪ್ರಮಾಣಪತ್ರವೆಂದು ಎಣಿಸುವವರನ್ನು ಹಳಿಯುತ್ತದೆ. ನಿಜವನ್ನು ಬಿಡಿಸಿದವನು ಯಾರೆಂದರೆ ಎಜ್ರಾ ಜೆನಿಂಗ್ಸ್ ಎಂಬ ವೈದ್ಯನ ಸಹಾಯಕ. ನೋಡಲು ವಿಕಾರ, ಹಿಂದೆ ಯಾವುದೋ ಸುಳ್ಳು ಅಪವಾದವನ್ನು ಹೊತ್ತು ಊರೂರು ಅಲೆದವನು, ಎಲ್ಲರಿಗೂ ಬೇಡವಾದವನು. ಜ್ವರದ ಸನ್ನಿಯಲ್ಲಿ ವೈದ್ಯನು ಬಡಬಡಿಸಿದ ತುಂಡುಮಾತುಗಳನ್ನು ಜೋಡಿಸಿ ಆತನು ಅಫೀಮಿನ ಸಂಗತಿಯನ್ನು ಕಂಡುಹಿಡಿದು, ಮರುವರ್ಷ ಅದೇ ಮನೆಯಲ್ಲಿ ಫ್ರಾಂಕ್ಲಿನನಿಗೆ ಮತ್ತೆ ಆ ದ್ರಾವಣವನ್ನು ಕೊಟ್ಟು ಎಲ್ಲರೆದುರು ಪರೀಕ್ಷ್ಯಮಾಡಿ ತೋರಿಸಿದನು. ಕೊನೆಗೆ ವಜ್ರವು ಆ ಮೂವರು ಬ್ರಾಹ್ಮಣರ ಮೂಲಕ ಸೋಮನಾಥದ ದೇವರನ್ನು ಸೇರಿತು. ಶ್ರೀರಂಗಪಟ್ಟಣದಲ್ಲಿ ಅದನ್ನು ಕದ್ದವನು ಇಂಗ್ಲಿಷ್ ಅಧಿಕಾರಿಯೇ ಎಂಬುದನ್ನು ಮೊದಲನೆಯ ಪುಟದಲ್ಲೇ ಓದಿದ್ದ ನಾವು, ಅದನ್ನು ಮರೆತು ಕಳ್ಳರನ್ನು ಅಡಿಗೆಮನೆಯಲ್ಲಿ ಹುಡುಕುತ್ತಿದ್ದೆವು.

7. ಪ್ರವಾದಿಯ ವಿಧಾನ

ಎರಡನೆಯ ಸಮುವೇಲನ ಹನ್ನೆರಡನೆಯ ಅಧ್ಯಾಯವು ನಮ್ಮ ವಾಚಕರಿಗೆ ಪರಿಚಿತವೇ. ದಾವೀದನು ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದುಕೊಂಡ ಮೇಲೆ, ಪ್ರವಾದಿಯಾದ ನಾತಾನನು ಬಂದು ಆತನಿಗೊಂದು ಕಥೆಯನ್ನು ಹೇಳಿದನು: ಐಶ್ವರ್ಯವಂತನೊಬ್ಬನು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡನೆಂದು. ಅರಸನು ಕೋಪದಿಂದ ಆ ಅಪರಾಧಿಗೆ ಮರಣವೇ ತಕ್ಕದ್ದೆಂದು ತೀರ್ಪು ಕೊಟ್ಟನು. ಆಗ ಪ್ರವಾದಿಯು, ಆ ಅಪರಾಧಿಯು ಅರಸನೇ ಎಂದು ಎದುರಿಗೆ ನಿಂತು ತಿಳಿಸಿದನು. ಕಥೆಯ ತಿರುವೆಂದರೆ ಇದು. ಕೇಳುವವನು ನ್ಯಾಯಾಸನದಲ್ಲಿ ಕುಳಿತು ತೀರ್ಪು ಬರೆದ ಮೇಲೆ, ಅಪರಾಧಿಯ ಸ್ಥಳದಲ್ಲಿ ಅವನ ಹೆಸರೇ ಕಾಣುತ್ತದೆ. ಫ್ರಾಂಕ್ಲಿನನು ಮರಳಿನಿಂದ ಎತ್ತಿದ ಉಡುಪಿನಲ್ಲಿ ಓದಿದ್ದೂ ಅದನ್ನೇ. ಆದಕಾರಣ ಇಂಥ ಕಾದಂಬರಿಯು ಶಾಲೆಯ ಗೋಡೆಗಳೊಳಗೆ ಓದತಕ್ಕದ್ದೇ ಎಂದು ಈಗ ನಾನು ಪೋಷಕರಿಗೆ ಧೈರ್ಯವಾಗಿ ಹೇಳಬಲ್ಲೆನು. ಅದು ಹಿಡಿಯುವುದು ಕಥೆಯೊಳಗಿನ ಕಳ್ಳನನ್ನು ಮಾತ್ರವಲ್ಲ. ವಿಚಾರಿಸದೆ ತೀರ್ಪು ಕೊಡುವ ನಮ್ಮ ಅಭ್ಯಾಸವನ್ನು ಸಹ.

8. ನನ್ನ ಸಾಲ

ಈಗ ನಾನು ಕೂಟದಲ್ಲಿ ಮಾತನಾಡದೆ ಹೋದದ್ದರ ಕಾರಣವನ್ನು ಹೇಳಬೇಕು.

ಇಪ್ಪತ್ತು ವರ್ಷಗಳಿಗೆ ಹಿಂದೆ ನಾನು ಈ ಶಾಲೆಗೆ ಹೊಸದಾಗಿ ಬಂದು, ಕನ್ನಡ ಪಾಠದೊಡನೆ ಎಂಟನೆಯ ತರಗತಿಯ ಹೊಲಿಗೆಯನ್ನೂ ನೋಡಿಕೊಳ್ಳುತ್ತಿದ್ದೆನು. ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರು ಶಾಲೆಗೆ ಕೊಟ್ಟಿದ್ದ, ಕೊಕ್ಕರೆಯ ಆಕಾರದ ಕಸೂತಿ ಕತ್ತರಿಯೊಂದಿತ್ತು. ವಸ್ತುಪ್ರದರ್ಶನದ ಹಿಂದಿನ ವಾರ ಅದು ಕಾಣೆಯಾಯಿತು. ವಸತಿಗೃಹದ ಅಡಿಗೆಯವಳ ಮಗಳು ಆ ತರಗತಿಯಲ್ಲಿದ್ದಳು. ಹಿಂದಿನ ಸಂಜೆ ಅವಳು ಒಬ್ಬಳೇ ಕೊಠಡಿಯಲ್ಲಿ ಉಳಿದಿದ್ದುದನ್ನು ಕಂಡವರಿದ್ದರು. ನಾನು ಕೇಳಿದಾಗ ತಡವರಿಸಿದಳು. ನನಗೆ ಅಷ್ಟೇ ಸಾಕಾಯಿತು. ತರಗತಿಯವರೆಲ್ಲರ ಎದುರಿಗೆ ಅವಳ ಟ್ರಂಕನ್ನು ತರಿಸಿ, ನನ್ನ ಕೈಯಿಂದಲೇ ಬಟ್ಟೆಗಳನ್ನು ಒಂದೊಂದಾಗಿ ಹೊರಗಿಟ್ಟೆನು. ಕತ್ತರಿಯು ಸಿಗಲಿಲ್ಲ. ಬಚ್ಚಿಟ್ಟಿದ್ದಾಳೆಂದೇ ನಾನು ಅಂದುಕೊಂಡೆನು. ಅವಳು ಅಳಲಿಲ್ಲ. ಬಟ್ಟೆಗಳನ್ನು ಮಡಿಸಿ ಮತ್ತೆ ಟ್ರಂಕಿನಲ್ಲಿಟ್ಟುಕೊಂಡಳು.

ಕೆಲವು ವಾರಗಳ ಮೇಲೆ ಮೇಜಿನ ಹಾಸೊಂದನ್ನು ತೆಗೆಯಲು ನನ್ನ ಬೀರುವನ್ನು ತೆರೆದಾಗ, ಮಡಿಕೆಯೊಳಗಿಂದ ಕತ್ತರಿಯು ಕೆಳಗೆ ಬಿದ್ದಿತು. ಆ ಸಂಜೆ ನನಗೆ ಜ್ವರವಿತ್ತು. ಅವಸರದಲ್ಲಿ ಕಸೂತಿಯ ಬಟ್ಟೆಗಳನ್ನು ಕತ್ತರಿಯ ಸಮೇತ ಸುತ್ತಿ ಒಳಗಿಟ್ಟವಳು ನಾನೇ. ನನಗೆ ಅಫೀಮನ್ನು ಯಾರೂ ಕೊಟ್ಟಿರಲಿಲ್ಲ.

ಅವಳನ್ನು ನನ್ನ ಕೋಣೆಗೆ ಕರೆದು, ಬಾಗಿಲನ್ನು ಮುಚ್ಚಿ, ಕತ್ತರಿಯು ಸಿಕ್ಕಿತು, ತಪ್ಪು ನನ್ನದೆಂದು ಹೇಳಿದೆನು. “ಆಗಲಿ ಮಿಸ್” ಎಂದು ಹೊರಟುಹೋದಳು. ಆ ವರ್ಷದ ಕೊನೆಗೆ ತಾಯಿ ಮಗಳಿಬ್ಬರೂ ಊರನ್ನು ಬಿಟ್ಟರು. ಆರೋಪವನ್ನು ನಾನು ತರಗತಿಯೆಲ್ಲರ ಎದುರಿಗೆ ಮಾಡಿದ್ದೆನು. ಬಿಡುಗಡೆಯನ್ನು ಮುಚ್ಚಿದ ಬಾಗಿಲಿನ ಹಿಂದೆ ಕೊಟ್ಟೆನು. ಹೊಸ ಉಪಾಧ್ಯಾಯಿನಿಯ ಗೌರವವು ಉಳಿಯಬೇಕೆಂಬುದೇ ಆಗಿನ ನನ್ನ ಯೋಚನೆ. ಹುಡುಗಿಯ ಗೌರವದ ಯೋಚನೆಯು ಬರಲಿಲ್ಲ.

ಮುಖ್ಯೋಪಾಧ್ಯಾಯಿನಿಯಾದ ಮೇಲೆ ಶಾಲೆಯಲ್ಲಿ ಎರಡು ಕಟ್ಟಳೆಗಳನ್ನಿಟ್ಟಿದ್ದೇನೆ. ಯಾವ ಮಗುವಿನ ಚೀಲವನ್ನಾಗಲಿ ಪೆಟ್ಟಿಗೆಯನ್ನಾಗಲಿ ಇತರರೆದುರು ತೆರೆಯಕೂಡದು. ವಸ್ತುವೇನಾದರೂ ಕಳೆದರೆ ಮೊದಲು ಉಪಾಧ್ಯಾಯಿನಿಯರ ಬೀರುಗಳನ್ನು ನೋಡತಕ್ಕದ್ದು. ಈ ಕಟ್ಟಳೆಗಳ ಕಾರಣವನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಆ ದಿನ ಆ ತರಗತಿಯಲ್ಲಿ ಕುಳಿತು ನೋಡಿದ ನೀವು ಈಗ ಮೂವತ್ತನ್ನು ದಾಟಿ, ಮಕ್ಕಳ ತಾಯಂದಿರಾಗಿ, ಈ ಪುಟವನ್ನು ಓದುತ್ತಿರಬಹುದು. ಅವಳ ಹೆಸರನ್ನು ಇಲ್ಲಿ ಅಚ್ಚುಹಾಕಿಸುವುದಿಲ್ಲ. ನಿಮಗೆ ಅದು ಗೊತ್ತು. ಅವಳು ಕತ್ತರಿಯನ್ನು ತೆಗೆಯಲಿಲ್ಲ. ಇದನ್ನು ನಿಮ್ಮೆಲ್ಲರ ಎದುರಿಗೆ ಹೇಳಬೇಕಾಗಿದ್ದವಳು ನಾನು, ಇಪ್ಪತ್ತು ವರ್ಷ ತಡಮಾಡಿದೆನು. ನಿಮ್ಮಲ್ಲಿ ಯಾರಿಗಾದರೂ ಅವಳ ವಿಳಾಸವು ತಿಳಿದಿದ್ದರೆ, ಈ ಸಂಚಿಕೆಯ ಒಂದು ಪ್ರತಿಯನ್ನು ಅವಳಿಗೆ ತಲುಪಿಸಿರಿ.